ನಿಂತಲ್ಲೇ ಓಡುವ ಎಂಜಿನ್

"ಅಮ್ಮ, ನೀನೇ ಹೇಳು. ಹಾಕಲೋ, ಬೇಡವೋ?"

ಮಗಳು ಹೀಗೆ ಕೇಳಿದಾಗ ನಾನು ಅವಳ ಮನೆಯ ಗ್ಯಾರೇಜಿನ ಬಾಗಿಲಲ್ಲಿ, ಮಡಿಲಲ್ಲಿ ಬೆಂಡೆಕಾಯಿ ತಟ್ಟೆ ಇಟ್ಟುಕೊಂಡು ಕುಳಿತಿದ್ದೆ. ಹೆಣ್ಣುಮಕ್ಕಳು ತಾಯಿಯನ್ನು ಹೀಗೆ ಕೇಳುವುದು ಸಾಮಾನ್ಯವಾಗಿ ಹುಳಿಗೆ ಬೆಲ್ಲದ ವಿಷಯದಲ್ಲಿ. ನನ್ನ ಮಗಳು ಕೇಳಿದ್ದು ಒಂದು ಕಾರಿನ ವಿಷಯದಲ್ಲಿ. ಅದರ ಎಂಜಿನ್ನಿಗೆ 'ಐಡಲ್ ಏರ್ ಕಂಟ್ರೋಲ್' ಎಂಬ ಒಂದು ಕವಾಟವನ್ನು ಜೋಡಿಸಬೇಕೇ ಬೇಡವೇ ಎಂದು ಅವಳು ಮೂರು ವಾರದಿಂದ ಯೋಚಿಸುತ್ತಿದ್ದಳು. ಕಾರಿನ ಬಗ್ಗೆ ನನಗೇನು ಗೊತ್ತು ಎಂದು ನಕ್ಕುಬಿಡಬಹುದಾಗಿತ್ತು. ಆದರೆ ಆ ಪ್ರಶ್ನೆ ನನ್ನನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ನಾನು ಶಿವಮೊಗ್ಗಕ್ಕೆ ಹಿಂತಿರುಗಿದ ಮೇಲೂ ಬಿಟ್ಟಿಲ್ಲ.

ಇದು 2019ರ ಮಾತು. ಏಪ್ರಿಲಿನಲ್ಲಿ ಅಮೆರಿಕದ ಮಿಶಿಗನ್ ರಾಜ್ಯಕ್ಕೆ, ಡೆಟ್ರಾಯಿಟ್ ಪಕ್ಕದ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನಮ್ಮ ಕಡೆಯ ತಾಯಂದಿರೆಲ್ಲ ಹೋಗುವ ಹಾಗೆ ಆರು ತಿಂಗಳಿಗೆ. ಬಾಣಂತನ ಮುಗಿದು ಮೂರು ವರ್ಷವಾಗಿತ್ತು. ಈಗ ಹೋಗಿದ್ದು ಮೊಮ್ಮಗಳ ಜೊತೆ ಇರಲು ಎಂದು ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನಮ್ಮವರು ತೀರಿಕೊಂಡ ಮೇಲೆ, 2014ರಿಂದ, ಶಿವಮೊಗ್ಗದ ಆ ಮನೆಯಲ್ಲಿ ಒಬ್ಬಳಿಗೇ ಅನ್ನ ಮಾಡಿಕೊಳ್ಳುವುದು ಬೇಸರವಾಗಿತ್ತು.

ಮಗಳು ಎಂಜಿನಿಯರು. ಡೆಟ್ರಾಯಿಟ್ ಎಂದರೆ ಕಾರುಗಳ ಊರು. ಅಲ್ಲಿ ಬಹಳ ಮನೆಗಳ ಗ್ಯಾರೇಜಿನಲ್ಲಿ ಒಂದು ಹಳೆಯ ಕಾರು ಬಿಚ್ಚಿಕೊಂಡು ಕೂತಿರುತ್ತದೆ. ನಮ್ಮಲ್ಲಿ ಹಿತ್ತಿಲಿನ ದಾಸವಾಳದ ಹಾಗೆ ಅದೊಂದು ಹವ್ಯಾಸ. ನನ್ನ ಮಗಳ ಗ್ಯಾರೇಜಿನಲ್ಲಿದ್ದದ್ದು 1977ರ ಡಾಟ್ಸನ್ 280ಜಡ್. ಜಪಾನಿನ ನಿಸಾನ್ ಕಂಪನಿ ಆ ಕಾಲದಲ್ಲಿ ಅಮೆರಿಕದಲ್ಲಿ ಡಾಟ್ಸನ್ ಎಂಬ ಹೆಸರಿನಿಂದ ಮಾರುತ್ತಿದ್ದ, ಉದ್ದ ಮೂತಿಯ, ಎರಡೇ ಸೀಟಿನ ಕಾರು. ಸಾಲಾಗಿ ನಿಂತ ಆರು ಸಿಲಿಂಡರು, 2.8 ಲೀಟರಿನ ಎಂಜಿನ್. ನಮ್ಮ ಊರಿನ ಕಾರುಗಳಲ್ಲೆಲ್ಲ ಕಾರ್ಬುರೇಟರ್ ಇದ್ದ ಕಾಲದಲ್ಲೇ, 1975ರಿಂದಲೇ, ಈ ಕಾರಿಗೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಇತ್ತಂತೆ. ಮಗಳು ಅದರ ಹಳೆಯ ಕಂಪ್ಯೂಟರನ್ನು ತೆಗೆದು, 'ಮೆಗಾಸ್ಕ್ವರ್ಟ್' ಎಂಬ ಹೊಸದೊಂದನ್ನು ತಾನೇ ಬೆಸುಗೆ ಹಾಕಿ ಕಟ್ಟಿದ್ದಳು. ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ಎಂಬ ಇಬ್ಬರು, ಹವ್ಯಾಸಿಗಳು ಮನೆಯಲ್ಲೇ ಜೋಡಿಸಿಕೊಳ್ಳಲಿ ಎಂದು ರೂಪಿಸಿದ್ದು ಅದು. ರಂಗೋಲಿಗೂ ಕೈ ಬಗ್ಗದ ಹುಡುಗಿ ಅಷ್ಟು ಸಣ್ಣ ತಂತಿಗಳನ್ನು ಬೆಸೆದಿದ್ದನ್ನು ನೋಡಿ ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು.

ಕಾರು ಓಡುತ್ತಿತ್ತು, ಚೆನ್ನಾಗಿಯೇ ಓಡುತ್ತಿತ್ತು. ನಿಂತಾಗ ಮಾತ್ರ ಅದರ ಕಷ್ಟ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಚಾಲೂ ಮಾಡಿದರೆ, ಮೊದಲ ಐದಾರು ನಿಮಿಷ ಆಕ್ಸಿಲರೇಟರ್ ಮೇಲೆ ಮಗಳ ಕಾಲು ಇರಲೇಬೇಕು. ಕಾಲು ತೆಗೆದರೆ ಎಂಜಿನ್ ಒಮ್ಮೆ ನಡುಗಿ ನಿಂತುಹೋಗುತ್ತಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟವಳು ಮೊದಲ ಸಿಗ್ನಲ್ಲಿನಲ್ಲೇ ನಿಂತುಬಿಟ್ಟಳು. ಹಸಿರು ದೀಪ ಬಂತು, ಹೋಯಿತು. ಹಿಂದಿನ ಕಾರಿನವರು ಹಾರ್ನ್ ಮಾಡಲಿಲ್ಲ, ಸುಮ್ಮನೆ ಕಾದರು. ಅದರಿಂದ ನಾಚಿಕೆ ಇನ್ನೂ ಹೆಚ್ಚಾಯಿತು.

ನನಗೆ ಆಗ ನಮ್ಮ ಪದ್ಮಿನಿ ಕಾರು ನೆನಪಾಯಿತು. ನಮ್ಮವರು 1986ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. ಮಲೆನಾಡಿನ ಮಾಗಿ ಚಳಿಯಲ್ಲಿ ಅದಕ್ಕೆ ಚೋಕ್ ಎಳೆದು, ದೇವರನ್ನು ನೆನೆದು ಚಾಲೂ ಮಾಡಬೇಕಿತ್ತು. ಚಾಲೂ ಆದ ಕೂಡಲೇ ಅವರು ಇಳಿದು, "ಬಾರೇ, ಸ್ವಲ್ಪ ಕಾಲಿಟ್ಕೊಂಡು ಕೂತ್ಕೋ, ಆಫ್ ಆಗಕ್ಕೆ ಬಿಡಬೇಡ" ಎಂದು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸುತ್ತಿದ್ದರು. ನಾನು ಸೀರೆ ನೆರಿಗೆ ಎತ್ತಿಕೊಂಡು ಕೂತು, ಎಂಜಿನ್ನಿನ ಸದ್ದನ್ನೇ ಕೇಳುತ್ತಾ ಕಾಲನ್ನು ಒತ್ತುವುದು, ಬಿಡುವುದು. ಅವರು ಗೇಟು ತೆಗೆದು, ಸಾಮಾನು ಹಾಕಿ, ಗಾಜು ಒರೆಸಿ ಬಂದ ಮೇಲೆ ನಾನು ಇಳಿದು ಪಕ್ಕದ ಸೀಟಿಗೆ ಹೋಗುವುದು. 2000ದಲ್ಲಿ ಆ ಕಾರನ್ನು ಮಾರಿದೆವು. ಹದಿನಾಲ್ಕು ವರ್ಷ ಆಕ್ಸಿಲರೇಟರ್ ಮೇಲೆ ಕಾಲಿಟ್ಟವಳು ಒಂದು ದಿನವೂ ಕಾರು ಓಡಿಸಲಿಲ್ಲ. ಆಗ ಇದರಲ್ಲೇನೂ ವಿಚಿತ್ರ ಕಾಣಿಸಿರಲಿಲ್ಲ.

ಇದನ್ನು ಹೇಳಿದಾಗ ಮಗಳು ನಕ್ಕುಬಿಟ್ಟಳು. "ಅಮ್ಮ, ಅಪ್ಪನ ಕಾರಿಗೆ ನೀನೇ ಐಡಲ್ ಕಂಟ್ರೋಲ್ ಆಗಿದ್ದೆ!"

ಆಮೇಲೆ ಅವಳು ಅದು ಕೆಲಸ ಮಾಡುವ ಬಗೆಯನ್ನು ನನಗೆ ತಿಳಿಯುವ ಹಾಗೆ ಹೇಳಿದಳು. ನಾವು ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಹೋಗುತ್ತದೆ ಎಂದುಕೊಳ್ಳುತ್ತೇವೆ. ಅದು ತಪ್ಪಂತೆ. ಕಾಲು ತೆರೆಯುವುದು ಗಾಳಿಯ ಬಾಗಿಲನ್ನು. ಎಷ್ಟು ಗಾಳಿ ಬಂತೆಂದು ಲೆಕ್ಕ ಹಾಕಿ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಸೇರಿಸುತ್ತದೆ, ಸುಮಾರು ಹದಿನಾಲ್ಕೂ ಮುಕ್ಕಾಲು ಪಾಲು ತೂಕದ ಗಾಳಿಗೆ ಒಂದು ಪಾಲು ಪೆಟ್ರೋಲ್. ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ ಆ ಬಾಗಿಲು ಮುಚ್ಚಿರುತ್ತದೆ. ಬಾಗಿಲ ಸಂದಿಯಲ್ಲಿ ನುಸುಳುವ ಒಂದಿಷ್ಟು ಗಾಳಿಯ ಮೇಲೆಯೇ ಎಂಜಿನ್ ಜೀವ ಹಿಡಿದುಕೊಂಡಿರಬೇಕು. ಬಿಸಿಯಾದ ಎಂಜಿನ್ನಿಗೆ ಅಷ್ಟು ಸಾಕು. ತಣ್ಣಗಿದ್ದಾಗ ಒಳಗಿನ ಆಯಿಲ್ ಮಂದವಾಗಿರುತ್ತದೆ, ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಆದ್ದರಿಂದ ಗಾಳಿಯೂ ಪೆಟ್ರೋಲೂ ಹೆಚ್ಚು ಬೇಕು. ದೀಪ, ಫ್ಯಾನು, ಏಸಿ ಹಾಕಿದರೆ ಭಾರ ಬೀಳುತ್ತದೆ, ಆಗಲೂ ಹೆಚ್ಚು ಬೇಕು. ಆ ಹೆಚ್ಚಿನ ಗಾಳಿಗೆ ಪಕ್ಕದಲ್ಲಿ ಒಂದು ಕಿರುದಾರಿ ಮಾಡಿ, ಅದಕ್ಕೊಂದು ಪುಟ್ಟ ಕವಾಟ ಇಟ್ಟು, ಅದನ್ನು ಕಂಪ್ಯೂಟರಿನ ಕೈಗೆ ಕೊಡುವುದೇ ಐಡಲ್ ಏರ್ ಕಂಟ್ರೋಲ್. ಚಳಿಯಾದರೆ ಅದು ತಾನೇ ತೆರೆಯುತ್ತದೆ, ಬೆಚ್ಚಗಾದಂತೆ ತಾನೇ ಮುಚ್ಚುತ್ತದೆ. ಓಡಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಅವರ ಕಣ್ಣಿಗೆ ಕಾಣುವುದು ಡಯಲ್ಲಿನ ಮುಳ್ಳು ಅಲುಗದೆ ನಿಂತಿರುವುದು ಮಾತ್ರ.

ಹಳೆಯ ಕಾರಿನಲ್ಲಿ ಈ ಕೆಲಸಕ್ಕೆ ಒಂದು ಸರಳ ಉಪಕರಣವಿತ್ತು. ಬಿಸಿಗೆ ಬಾಗುವ ಲೋಹದ ಪಟ್ಟಿ, ಅದರ ತುದಿಗೆ ಒಂದು ಮುಚ್ಚಳ. ಅದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದನ್ನು ತೆಗೆದು ರಂಧ್ರಕ್ಕೆ ಬಿರಡೆ ಹಾಕಿ ಬದುಕಬಹುದು, ಇಲ್ಲವೇ ಹೊಸ ಕವಾಟ ಹಾಕಬಹುದು. ಹಾಕಲೋ, ಬೇಡವೋ?

ನಾನು ತಟ್ಟನೆ "ಹಾಕು" ಎಂದೆ. ಒಂದು ಕೆಲಸವನ್ನು ಯಂತ್ರ ಮಾಡುತ್ತದೆ ಎಂದರೆ ಮನುಷ್ಯರು ಯಾಕೆ ಮಾಡಬೇಕು? ಒರಳಲ್ಲಿ ರುಬ್ಬಿದ ಕೈ ನನ್ನದು. ಒರಳಿನ ಚಟ್ನಿಯ ರುಚಿಯನ್ನು ಹೊಗಳುವವರಲ್ಲಿ ಹೆಚ್ಚಿನವರು ರುಬ್ಬಿದವರಲ್ಲ ಎಂಬುದು ನಿಮಗೂ ಗೊತ್ತು.

ಆ ತಿಂಗಳಲ್ಲೇ ಅವರು ನನ್ನನ್ನು ಡಿಯರ್‌ಬಾರ್ನ್ ಎಂಬಲ್ಲಿರುವ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದ ಕಾರು ಇದೆ. ಗಾಜಿನ ಬೀರುವಿನಂಥ, ಎತ್ತರದ ಕಾರು. ಅದು ಗಂಡನ ಕಂಪನಿಯದಲ್ಲ! 1914ರ 'ಡೆಟ್ರಾಯಿಟ್ ಎಲೆಕ್ಟ್ರಿಕ್', ಬ್ಯಾಟರಿಯಿಂದ ಓಡುವ ಕಾರು. ಗಂಡ ಊರಿಗೆಲ್ಲ ಮಾರುತ್ತಿದ್ದ ಮಾಡೆಲ್ ಟಿ ಕಾರನ್ನು ಆಗ ಮುಂದೆ ನಿಂತು ಹಿಡಿಕೆ ಹಾಕಿ ತಿರುಗಿಸಬೇಕಿತ್ತು. ಹಿಡಿಕೆ ತಿರುಗಿ ಹೊಡೆದರೆ ಕೈ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತ್ತಾದರೂ ಮಾಡೆಲ್ ಟಿಗೆ ಅದು ಸಿಕ್ಕಿದ್ದು 1919ರಲ್ಲಿ. ಆ ಪುಟ್ಟ ಮೋಟಾರು ಬಂದ ಮೇಲೆ ಕಾರಿಗೆ ತೋಳಿನ ಬಲ ಬೇಡವಾಯಿತು, ಹೆಂಗಸರೂ ಧೈರ್ಯವಾಗಿ ಕೂರುವಂತಾಯಿತು. ಆಗಲೂ ಕೆಲವು ಗಂಡಸರು, ಹಿಡಿಕೆ ತಿರುಗಿಸುವುದರಲ್ಲೇ ಎಂಜಿನ್ನಿನ ನಾಡಿ ತಿಳಿಯುತ್ತದೆ ಎಂದು ಹೇಳಿರಬಹುದು ಎಂದುಕೊಂಡು ನನಗೆ ನಗು ಬಂತು.

ಮಗಳಿಗೆ ಇದನ್ನೇ ಹೇಳಿದೆ. "ನಿನ್ನ ಕಾರನ್ನ ನಿನ್ನ ಬಿಟ್ರೆ ಯಾರೂ ಚಾಲೂ ಮಾಡಕ್ಕಾಗಲ್ಲ. ಅಳಿಯಂದಿರು ಎರಡು ಸಲ ಪ್ರಯತ್ನ ಮಾಡಿ ಕೈಬಿಟ್ರು. ನಿನಗೊಬ್ಬಳಿಗೇ ಗೊತ್ತಿರೋ ಹದ ಅಂದ್ರೆ ಅದು ಹದ ಅಲ್ಲ ಕಣೇ, ಜಂಬ."

ಹೇಳಿಯಾದ ಮೇಲೆ, ನನ್ನ ಅಡುಗೆಮನೆಗೆ ಸೊಸೆಯಂದಿರನ್ನು ಬಿಟ್ಟುಕೊಳ್ಳದ ನಮ್ಮ ಅತ್ತೆಯೂ, ಸಾರಿನ ಪುಡಿಯ ಅಳತೆ ಯಾರಿಗೂ ಹೇಳಿಕೊಡದ ನಾನೂ ಒಟ್ಟಿಗೇ ನೆನಪಾದೆವು. 'ನಾನಿಲ್ಲದಿದ್ದರೆ ನಡೆಯದು' ಎಂಬುದರಲ್ಲಿ ಎಷ್ಟು ದಣಿವಿದೆಯೋ ಅಷ್ಟೇ ಸುಖವೂ ಇದೆ.

ಮಗಳು ಸುಮ್ಮನೆ ಕೇಳಿಸಿಕೊಂಡು ಹೇಳಿದಳು: "ಅದು ಸರಿ ಅಮ್ಮ. ನನಗೆ ಹೆದರಿಕೆ ಬೇರೆ. ಈ ವಾಲ್ವ್ ಇದ್ರೆ ತಪ್ಪು ಮುಚ್ಚಿಹೋಗುತ್ತೆ."

ಅದು ಹೇಗೆಂದರೆ, ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಎಲ್ಲೋ ಒಂದು ರಬ್ಬರ್ ಪೈಪು ಬಿರುಕು ಬಿಟ್ಟಿದೆ ಎನ್ನೋಣ. ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ, ಎಂಜಿನ್ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತದೆ. ಕವಾಟವಿಲ್ಲದ ಕಾರಿನಲ್ಲಿ ಅದು ಕಿವಿಗೆ ಬೀಳುತ್ತದೆ. ಕವಾಟವಿರುವ ಕಾರಿನಲ್ಲಿ, ಎಷ್ಟು ಗಾಳಿ ಸೋರಿ ಬಂತೋ ಅಷ್ಟರಮಟ್ಟಿಗೆ ಕವಾಟ ತನ್ನ ಬಾಯಿಯನ್ನು ಮುಚ್ಚಿಕೊಂಡುಬಿಡುತ್ತದೆ. ಡಯಲ್ಲಿನ ಮುಳ್ಳು ಯಥಾಪ್ರಕಾರ 850ರಲ್ಲಿ ನಿಂತಿರುತ್ತದೆ, ಎಲ್ಲವೂ ಸರಿಯಿದೆ ಎಂದು ಕಾಣುತ್ತದೆ. ಬಿರುಕು ದೊಡ್ಡದಾಗುತ್ತದೆ, ಕವಾಟ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಒಂದು ದಿನ ಇನ್ನು ಮುಚ್ಚಿಕೊಳ್ಳಲು ಅದಕ್ಕೆ ಜಾಗವೇ ಉಳಿಯುವುದಿಲ್ಲ. ರೋಗ ಹೊರಗೆ ಬೀಳುವುದು ಆಗ.

ನಾನು ಹಚ್ಚುತ್ತಿದ್ದ ಬೆಂಡೆಕಾಯಿ ಹಾಗೇ ಕೈಯಲ್ಲಿ ಉಳಿಯಿತು.

ಯಾರಿಗೂ ಹೇಳದ ಒಂದು ವಿಷಯವನ್ನು ಈಗ ಹೇಳುತ್ತೇನೆ. ನಮ್ಮವರು ಒಳ್ಳೆಯ ನೌಕರಿಯಲ್ಲಿದ್ದರು, ಗುಣದಲ್ಲೂ ಒಳ್ಳೆಯವರೇ. ಅವರ ಅಣ್ಣನಿಗೊಂದು ಅಂಗಡಿಯಿತ್ತು. ಅದು ನಡೆಯುತ್ತಿರಲಿಲ್ಲ. ತಿಂಗಳು ತಿಂಗಳು ಸಂಬಳದಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತಿತ್ತು. ಒಡಹುಟ್ಟಿದವರಿಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಉಳಿದದ್ದರಲ್ಲಿ ಮನೆ ನಡೆಯುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ನಾನು ಗೊತ್ತಾಗಲು ಬಿಡಲಿಲ್ಲ. ಮಧ್ಯಾಹ್ನ ಅಕ್ಕಪಕ್ಕದವರ ಸೀರೆಗಳಿಗೆ ಫಾಲ್ಸ್ ಹಚ್ಚಿದೆ. ಸಂಜೆ ಮಕ್ಕಳಿಗೆ ಪಾಠ ಹೇಳಿದೆ. ಅರ್ಧ ಲೀಟರ್ ಹಾಲು ಕಡಿಮೆ ಮಾಡಿ, ನನಗೆ ಕಾಫಿ ಸೇರುವುದಿಲ್ಲ ಎಂದು ಹೇಳಿಕೊಂಡೆ. ತವರಿನ ಎರಡು ಬಳೆಗಳು ಬೀರುವಿನಿಂದ ಯಾವಾಗ ಹೋದವು ಎಂದು ಯಾರೂ ಕೇಳಲಿಲ್ಲ. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂದು ಅಮ್ಮ ಹೇಳಿಕೊಟ್ಟಿದ್ದಳು. ಗುಟ್ಟು ಊರಿನವರಿಂದ ಎಂದು ಅಮ್ಮ ಹೇಳಿದ್ದಿರಬೇಕು. ನಾನು ಗಂಡನಿಂದಲೂ ಗುಟ್ಟು ಮಾಡಿದೆ. "ನಮ್ಮನೆಯಲ್ಲಿ ಒಂದು ದಿನ ದುಡ್ಡಿನ ಮಾತು ಬಂದಿಲ್ಲ" ಎಂದು ಅವರು ನೆಂಟರ ಮುಂದೆ ಹೇಳುವಾಗ ನನಗೆ ಹೂವು ಮುಡಿದಂತಾಗುತ್ತಿತ್ತು.

ಹನ್ನೊಂದು ವರ್ಷದ ಮೇಲೆ ಅಂಗಡಿಯ ಸಾಲದ ನೋಟೀಸು ಬಂತು. ಜಾಮೀನು ಹಾಕಿದ್ದವರು ನಮ್ಮವರು. ಇದ್ದ ಒಂದು ಸೈಟು ಹೋಯಿತು. ಆ ರಾತ್ರಿ ನಾನು ಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ. ಅವರು ರೇಗುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಮನೆ ನಡೀತಿದೆ ಅಂತ ತಾನೆ ನಾನು ಕೊಡ್ತಾ ಹೋದದ್ದು? ಮೊದಲೇ ಒಂದು ಮಾತು ಹೇಳಬಾರದಿತ್ತಾ?" ಎಂದರು. ನನ್ನ ತ್ಯಾಗಕ್ಕೆ ಸಿಕ್ಕಿದ ಮಾತು ಇದು ಎಂದು ವರ್ಷಗಟ್ಟಲೆ ಕುದಿದಿದ್ದೇನೆ. ಮಗಳ ಗ್ಯಾರೇಜಿನಲ್ಲಿ ಕೂತಾಗ ಮೊದಲ ಬಾರಿಗೆ ಅನ್ನಿಸಿತು, ಆ ಪ್ರಶ್ನೆ ನ್ಯಾಯವಾದದ್ದೇ ಇರಬಹುದು ಎಂದು. ಅವರು ಡಯಲ್ ನೋಡುತ್ತಿದ್ದರು. ಮುಳ್ಳನ್ನು 850ರಲ್ಲಿ ಹಿಡಿದು ನಿಲ್ಲಿಸಿದ್ದವಳು ನಾನು.

ನಮ್ಮಲ್ಲಿ ಹೆಣ್ಣುಮಗಳನ್ನು ಹೊಗಳುವ ದೊಡ್ಡ ಮಾತೇ 'ಹೊಂದಿಕೊಂಡು ಹೋಗ್ತಾಳೆ' ಎಂಬುದು. ಈಚೆಗೆ ಅದನ್ನೇ 'ಅಡ್ಜಸ್ಟ್ ಮಾಡ್ಕೊಳ್ತಾಳೆ' ಎನ್ನುತ್ತಾರೆ. ಹೊಂದಿಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ? ನನ್ನ ವಯಸ್ಸಿನವರು ಒಳ್ಳೆಯದು ಎಂದು ಬಿಡುತ್ತೇವೆ, ಮಕ್ಕಳು ಅದು ಗುಲಾಮಗಿರಿ ಎಂದು ಬಿಡುತ್ತಾರೆ. ಎರಡೂ ಅವಸರದ ಮಾತು. ಯಾವುದಕ್ಕೆ ಹೊಂದಿಕೊಳ್ಳುತ್ತಿದ್ದೇವೆ ಎಂದು ಕೇಳದೆ ಹೊಂದಾಣಿಕೆಯ ಬೆಲೆ ಕಟ್ಟಲಾಗುವುದಿಲ್ಲ. ಚಳಿಗೆ ಹೊಂದಿಕೊಳ್ಳುವುದು ಬೇರೆ, ಬಿರುಕಿಗೆ ಹೊಂದಿಕೊಳ್ಳುವುದು ಬೇರೆ. ಚಳಿ ಯಾರ ತಪ್ಪೂ ಅಲ್ಲ, ಹೊತ್ತು ಏರಿದರೆ ಹೋಗುತ್ತದೆ. ಮಗುವಿಗೆ ಜ್ವರ ಬಂದ ವಾರ, ಗಂಡನ ಕೆಲಸ ಹೋದ ತಿಂಗಳುಗಳು, ಅತ್ತೆಯ ಕೊನೆಗಾಲ, ಇವೆಲ್ಲ ಚಳಿ. ಆಗ ಇನ್ನೊಂದಿಷ್ಟು ಗಾಳಿ ಕೊಡುವವರು ಮನೆಯಲ್ಲಿ ಇರಬೇಕು, ಅದನ್ನು ಲೆಕ್ಕ ಹಿಡಿದು ಕೇಳಬಾರದು. ಬಿರುಕು ಹಾಗಲ್ಲ. ಅದು ತಾನಾಗಿ ಹೋಗುವುದಿಲ್ಲ, ಮುಚ್ಚಿಟ್ಟಷ್ಟೂ ಬೆಳೆಯುತ್ತದೆ. ಕಷ್ಟವೇನೆಂದರೆ ಎರಡಕ್ಕೂ ನಾವು ಮಾಡುವ ಕೆಲಸ ಹೊರಗಿನಿಂದ ಒಂದೇ ಥರ ಕಾಣುತ್ತದೆ, ಹೊಗಳಿಕೆಯೂ ಒಂದೇ ಥರ ಸಿಗುತ್ತದೆ.

ಇಷ್ಟು ಯೋಚನೆ ಬರುವ ಹೊತ್ತಿಗೆ ನನಗೆ ಇನ್ನೊಂದು ವಿಷಯ ಚುಚ್ಚತೊಡಗಿತ್ತು. ಆ ಮನೆಯಲ್ಲಿ ಆರು ತಿಂಗಳಿಂದ ನಾನು ಮಾಡುತ್ತಿದ್ದುದೇನು? ಐದಕ್ಕೆ ಎದ್ದು ಇಬ್ಬರ ಡಬ್ಬಿ ಕಟ್ಟುತ್ತಿದ್ದೆ. ಮೊಮ್ಮಗಳನ್ನು ಡೇ ಕೇರಿಗೆ ಬಿಡುವುದನ್ನೇ ನಿಲ್ಲಿಸಿ ಮನೆಯಲ್ಲಿ ನೋಡಿಕೊಳ್ಳುತ್ತಿದ್ದೆ. ನಾನು ಬರುವ ಮೊದಲು ಅವಳನ್ನು ಸಂಜೆ ಆರರ ಒಳಗೆ ಯಾರು ಕರೆತರಬೇಕು ಎಂದು ದಿನವೂ ಜಗಳವಾಗುತ್ತಿತ್ತಂತೆ. ತಡವಾದರೆ ನಿಮಿಷದ ಲೆಕ್ಕದಲ್ಲಿ ದಂಡ. ಅಳಿಯಂದಿರ ಮೀಟಿಂಗು ಯಾವತ್ತೂ ಮುಗಿಯುತ್ತಿರಲಿಲ್ಲವಾದ್ದರಿಂದ ಮಗಳೇ ಕೆಲಸ ಬಿಟ್ಟು ಓಡುತ್ತಿದ್ದಳು. ನಾನು ಬಂದೆ, ಜಗಳ ನಿಂತಿತು. "ಅತ್ತೆ ಬಂದ್ಮೇಲೆ ಮನೆ ಎಷ್ಟು ನೆಮ್ಮದಿಯಾಗಿದೆ" ಎಂದು ಅಳಿಯಂದಿರು ಹೇಳುವಾಗ, ಮತ್ತೆ ಅದೇ ಹೂವು ಮುಡಿದ ಖುಷಿ.

ಸೆಪ್ಟೆಂಬರಿನ ಕೊನೆಯಲ್ಲಿ ಮಗಳು, "ಇನ್ನೂ ಆರು ತಿಂಗಳು ಇರಕ್ಕೆ ಅರ್ಜಿ ಹಾಕೋಣ್ವಾ ಅಮ್ಮ?" ಎಂದು ಕೇಳಿದಳು. ನನ್ನ ಮನಸ್ಸು ಆಗಲೇ ಹ್ಞೂಂ ಎಂದಿತ್ತು. ಯಾಕೆ ಎಂದು ಕೆದಕಿದಾಗ ನಿಜ ಹೊರಬಿತ್ತು. ಅವಳಿಗೆ ಆಫೀಸಿನಲ್ಲಿ ಒಂದು ತಂಡದ ಮುಖ್ಯಸ್ಥೆಯಾಗುವ ಅವಕಾಶ ಬಂದಿತ್ತು. ತಿಂಗಳೊಳಗೆ ಉತ್ತರ ಕೊಡಬೇಕು. ನಾನಿದ್ದರೆ ಒಪ್ಪಿಕೊಳ್ಳುವುದು, ಹೊರಟರೆ ಆಗುವುದಿಲ್ಲ ಎಂದು ಹೇಳಿಬಿಡುವುದು ಎಂದು ಅವಳು ತೀರ್ಮಾನಿಸಿದ್ದಳು.

"ಅವರೇನಂತಾರೆ?" ಎಂದೆ.

"ಅವರಿಗೆ ಹೇಳಿಲ್ಲ. ಅವರಿಗೇ ಸಾಕಷ್ಟು ಒತ್ತಡ ಇದೆ. ಸುಮ್ನೆ ಯಾಕೆ?"

ಈ 'ಸುಮ್ನೆ ಯಾಕೆ' ಎಲ್ಲಿಂದ ಬಂತು ಎಂದು ನಾನು ಹುಡುಕಬೇಕಾಗಿರಲಿಲ್ಲ. ಬಣ್ಣ, ಮೂಗು, ಗುಂಗುರು ಕೂದಲು ಎಲ್ಲ ಅವಳಿಗೆ ಅವರಪ್ಪನದು. ಇದೊಂದು ನನ್ನದು.

ಅವತ್ತು ನಾನು ಏನೂ ಹೇಳಲಿಲ್ಲ. ಹೇಳುವ ಧೈರ್ಯ ಬಂದದ್ದು ಆ ಭಾನುವಾರ. ಮಗಳು ಕವಾಟದ ಪ್ರಶ್ನೆಗೆ ಒಂದು ದಾರಿ ಕಂಡುಕೊಂಡಿದ್ದಳು. ಹಾಕುವುದೋ ಬಿಡುವುದೋ ಆಮೇಲೆ, ಮೊದಲು ಸೋರಿಕೆ ಇದೆಯೇ ನೋಡಿಬಿಡುತ್ತೇನೆ ಎಂದಳು. ಬಿಸಿಯಾದ ಮೇಲೆ ಎಂಜಿನ್ 850 ಸುತ್ತಿನಲ್ಲಿ ನಿಲ್ಲಬೇಕಾದದ್ದು, ಸ್ಕ್ರೂವನ್ನು ಪೂರ್ತಿ ಸಡಿಲಿಸಿದರೂ 1100ರಿಂದ ಇಳಿಯುತ್ತಿರಲಿಲ್ಲ. ಅವಳಿಗೆ ಅನುಮಾನವಿತ್ತು. ಎಂಜಿನ್ ಆಫ್ ಮಾಡಿ, ಒಂದು ಡಬ್ಬಿಯಲ್ಲಿ ಎಣ್ಣೆ ಕಾಯಿಸಿ ಹೊಗೆ ಎಬ್ಬಿಸಿ, ಆ ಹೊಗೆಯನ್ನು ಪೈಪಿನಲ್ಲಿ ಎಂಜಿನ್ನಿನ ಗಾಳಿದಾರಿಗೆ ಊದಿದಳು. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆಯ ಹಾಗೆ ಬೆಳ್ಳಗೆ. ನಾನು ಟಾರ್ಚ್ ಹಿಡಿದುಕೊಂಡೆ. ಮೇಲೆ ಎಲ್ಲೂ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ, ಯಾರ ಕಣ್ಣಿಗೂ ಬೀಳದ ಜಾಗದಿಂದ, ಎಳೆಎಳೆಯಾಗಿ ಹೊಗೆ ಏಳತೊಡಗಿತು. ಗಾಳಿಕೊಳವೆಗಳ ಅಡಿಯಲ್ಲಿ ಹಾದುಹೋಗಿದ್ದ ಒಂದು ಹಳೆಯ ರಬ್ಬರ್ ಪೈಪು ತಳಭಾಗದಲ್ಲಿ ಉದ್ದಕ್ಕೆ ಸೀಳಿತ್ತು. ಮೇಲಿಂದ ನೋಡಿದರೆ ಹೊಸದರಂತೆ ಕಾಣುತ್ತಿತ್ತು.

ಆಗ ನಾನು ಅವಳಿಗೆ ಹನ್ನೊಂದು ವರ್ಷದ ಕಥೆ ಹೇಳಿದೆ. ಫಾಲ್ಸ್, ಹಾಲು, ಬಳೆ, ಅವರಪ್ಪ ಕೇಳಿದ ಪ್ರಶ್ನೆ, ಎಲ್ಲ. ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಕೇಳಿದಳು. "ನಿನಗೆ ಕಾಫಿ ಸೇರಲ್ಲ ಅಂತ್ಲೇ ನಾನು ತಿಳ್ಕೊಂಡಿದ್ದೆ" ಎಂದಳು. ಬೇರೇನೂ ಹೇಳಲಿಲ್ಲ. ನಾನು ಹೇಳಿದ್ದು ಇಷ್ಟೇ: "ನಾನು ಇರ್ತೀನೋ ಹೋಗ್ತೀನೋ ಆಮೇಲೆ. ಕೆಲಸದ ವಿಷಯ ಮೊದಲು ಅವರಿಗೆ ಹೇಳು. ಅವರ ಕಾಲಿಗೆ ಪೆಡಲಿನ ಭಾರ ಗೊತ್ತೇ ಆಗದ ಹಾಗೆ ನಾವಿಬ್ಬರೂ ನೋಡ್ಕೊಂಡ್ರೆ, ತಪ್ಪು ಅವರದು ಮಾತ್ರ ಅಲ್ಲ."

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಸತ್ಯ ಹೊರಗೆ ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂಬುದು ಸಿನಿಮಾದಲ್ಲಿ. ಪೈಪು ಬದಲಾಯಿಸಿದ ಮೇಲೆ ಕಾರು ಮೊದಲಿಗಿಂತ ಕೆಟ್ಟದಾಗಿ ನಡೆಯಿತು! ಇಷ್ಟು ದಿನ ಆ ಕಳ್ಳಗಾಳಿಯ ಮೇಲೆಯೇ ಎಂಜಿನ್ ಬದುಕಿತ್ತು. ಅದು ನಿಂತ ಮೇಲೆ ಬಿಸಿಯಲ್ಲೂ ನಿಲ್ಲದಾಯಿತು. ಮಗಳು ಸ್ಕ್ರೂವನ್ನು ಮೊದಲಿನಿಂದ ಹೊಂದಿಸಿ, 850ಕ್ಕೆ ತಂದು ನಿಲ್ಲಿಸಲು ಎರಡು ಸಂಜೆ ಬೇಕಾಯಿತು. ಮನೆಯಲ್ಲೂ ಹಾಗೇ ಆಯಿತು. ಅಳಿಯಂದಿರು ಮೊದಲು ಸುಮ್ಮನಾದರು, ಆಮೇಲೆ ನನ್ನ ಮೇಲೆ ಮುನಿಸಿಕೊಂಡ ಹಾಗೆ ಕಂಡರು. ಒಂದು ರಾತ್ರಿ ಇಬ್ಬರ ದನಿಯೂ ಏರಿತು. ಮೊಮ್ಮಗಳನ್ನು ತಬ್ಬಿಕೊಂಡು ಮಲಗಿದ್ದ ನನಗೆ, ಎದ್ದು ಹೋಗಿ "ನಾನೇ ಇರ್ತೀನಿ ಬಿಡ್ರೋ" ಎಂದುಬಿಡಬೇಕು ಎಂದು ಎಷ್ಟು ಸಲ ಅನ್ನಿಸಿತೋ. ಒಂದೇ ಮಾತಿಗೆ ಮನೆ ಮತ್ತೆ ತಣ್ಣಗಾಗುತ್ತಿತ್ತು. ಎದ್ದು ಹೋಗದೆ ಮಲಗಿದ್ದೆನಲ್ಲ, ನನ್ನ ಬದುಕಿನಲ್ಲಿ ನಾನು ಮಾಡಿದ ಕಷ್ಟದ ಕೆಲಸಗಳಲ್ಲಿ ಅದೂ ಒಂದು. ಏನೂ ಮಾಡದೆ ಇರುವುದನ್ನು ಯಾರೂ ನಮಗೆ ಕಲಿಸಿರುವುದಿಲ್ಲ.

ಕೊನೆಗೆ ಮಗಳು ಆ ಕವಾಟವನ್ನು ಹಾಕಿದಳು. ಸೋರಿಕೆ ಮುಚ್ಚಿ, ಕವಾಟವಿಲ್ಲದೆಯೇ ಎಂಜಿನ್ ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಮಾಡಿ, ಆಮೇಲೆ. ಅಕ್ಟೋಬರಿನ ಒಂದು ಬೆಳಿಗ್ಗೆ, ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕಟ್ಟಿದ್ದಾಗ, ಅವಳು ಕೀಲಿಯನ್ನು ಗಂಡನ ಕೈಗೆ ಕೊಟ್ಟಳು. ಎಂಜಿನ್ 1300ಕ್ಕೆ ಏರಿ, ಕಾಲಿನ ಸಹಾಯವಿಲ್ಲದೆ ನಿಂತು, ಬಿಸಿಯಾದಂತೆ ತಾನಾಗಿ ಇಳಿಯಿತು. ಅಳಿಯಂದಿರು ಮಗುವಿನ ಹಾಗೆ ನಕ್ಕರು. ಈಗ ಆ ಕವಾಟಕ್ಕೆ ಇರುವುದು ಚಳಿಯ ಕೆಲಸ, ಭಾರದ ಕೆಲಸ. ಬಿರುಕು ಮುಚ್ಚುವ ಕೆಲಸ ಅದರದಲ್ಲ. ಕಂಪ್ಯೂಟರಿನಲ್ಲಿ ಕವಾಟ ಎಷ್ಟು ತೆರೆದಿದೆ ಎಂಬ ಅಂಕಿಯೂ ಕಾಣುತ್ತದಂತೆ. "ಡಯಲ್ ಒಂದನ್ನೇ ನೋಡಲ್ಲ ಅಮ್ಮ, ಈ ಅಂಕಿನೂ ನೋಡ್ತಿರ್ತೀನಿ. ಸುಮ್ನೆ ಬದಲಾಗ್ತಾ ಹೋದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ" ಎಂದಳು. ಮನೆಗಳಲ್ಲಿ ಈ ಅಂಕಿ ಎಲ್ಲೂ ಕಾಣುವುದಿಲ್ಲ. ಯಾರಾದರೂ ಕೇಳಬೇಕು, ಇಲ್ಲವೇ ನಾವೇ ಹೇಳಬೇಕು.

ನಾನು ಹೇಳಿದ ದಿನಕ್ಕೇ ಹೊರಟು ಬಂದೆ. ಮಗಳು ಹೊಸ ಕೆಲಸ ಒಪ್ಪಿಕೊಂಡಳು. ವಾರದಲ್ಲಿ ಮೂರು ದಿನ ಮೊಮ್ಮಗಳನ್ನು ಕರೆತರುವುದು ಅವರಪ್ಪನ ಪಾಲಿಗೆ ಬಂತು.

ಐದು ತಿಂಗಳಿಗೆ, 2020ರ ಮಾರ್ಚಿನಲ್ಲಿ, ಕೊರೋನಾ ಬಂದು ವಿಮಾನಗಳು ನಿಂತವು. ಡೇ ಕೇರ್ ಇಲ್ಲ, ಇಬ್ಬರದೂ ಮನೆಯಿಂದಲೇ ಕೆಲಸ, ನಡುವೆ ಮಗು. ನಾನು ಇಲ್ಲಿ ಒಬ್ಬಳೇ. ಅಲ್ಲೇ ಉಳಿದಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತಲ್ಲ, ನನ್ನ ವೇದಾಂತದಿಂದ ಮಗಳಿಗೆ ಕಷ್ಟವಾಯಿತಲ್ಲ ಎಂದು ಎಷ್ಟೋ ರಾತ್ರಿ ಅನ್ನಿಸಿದೆ. ಅದು ಚಳಿಯ ಕಾಲವಾಗಿತ್ತು, ಗಾಳಿ ಕೊಡಬೇಕಾದ ಕಾಲ. ನಾನು ಅಲ್ಲಿರಲಿಲ್ಲ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವರು ಹೇಗೋ ನಡೆಸಿದರು, ಜಗಳವಾಡಿಕೊಂಡೇ ನಡೆಸಿದರು ಎಂಬುದಷ್ಟೇ ಗೊತ್ತು.

ಆ ದಿನಗಳಲ್ಲಿ ಒಂದು ಸಂಜೆ ಮಗಳು ಫೋನಿನಲ್ಲಿ ಎಂದಿನಂತೆ, "ಹೇಗಿದ್ದೀಯಮ್ಮ?" ಎಂದಳು. ನಲವತ್ತು ವರ್ಷದಿಂದ ಈ ಪ್ರಶ್ನೆಗೆ ನನ್ನ ಬಾಯಲ್ಲಿ ಇದ್ದದ್ದು ಒಂದೇ ಉತ್ತರ, 'ನನಗೇನು, ಚೆನ್ನಾಗಿದ್ದೀನಿ'. ಅದೂ ನಾಲಿಗೆಯ ತುದಿಗೆ ಬಂದಿತ್ತು. ಒಂದು ಕ್ಷಣ ತಡೆದು ಹೇಳಿದೆ:

"ಮಂಡಿ ನೋವು ಜಾಸ್ತಿಯಾಗಿದೆ ಕಣೇ. ಮಹಡಿ ಮೆಟ್ಟಿಲು ಹತ್ತಕ್ಕಾಗ್ತಿಲ್ಲ. ರಾತ್ರಿ ಒಬ್ಬಳಿಗೇ ಭಯವೂ ಆಗುತ್ತೆ."

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅವಳು, "ಎಷ್ಟು ದಿನದಿಂದ? ಎಲ್ಲ ಹೇಳು" ಎಂದಳು. ನಾನು ಕುರ್ಚಿ ಎಳೆದುಕೊಂಡು ಕೂತು ಹೇಳಲು ಶುರುಮಾಡಿದೆ.